ಗುಡುಗಮ್ಮನ ಪ್ರಾರ್ಥನೆ

ಅವಳಿಗೆ ಮೆಲ್ಲಗೆ ಪ್ರಾರ್ಥನೆ ಮಾಡಲು ಬರುತ್ತಲೇ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ "ಕರ್ತನೇ" ಎಂದು ಶುರು ಮಾಡಿದಾಗ ಅತ್ತೆಯ ಕೈಯಲ್ಲಿದ್ದ ಸೌಟು ಜಾರಿ ಬಿದ್ದಿತ್ತಂತೆ. ಅಂದಿನಿಂದ ಮನೆಯವರಿಗೆ, ಬೀದಿಯವರಿಗೆ, ಕೊನೆಗೆ ಚರ್ಚಿನವರಿಗೂ ಅವಳು ಗುಡುಗಮ್ಮ. "ದೇವರಿಗೇನು ಕಿವುಡಾ?" ಎಂದು ಗಂಡ ರೇಗಿಸಿದರೆ, "ದೇವರಿಗಲ್ಲ, ನಿಮಗೆ" ಎಂದುಬಿಡುತ್ತಿದ್ದಳು.

ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ. ರಕ್ತ, ಕೀವು, ಔಷಧಿ ಮೆತ್ತಿದ ಹಾಸುಬಟ್ಟೆಗಳು ಹಿಂದಿನ ಬಾಗಿಲಿನಿಂದ ಮೂಟೆಮೂಟೆಯಾಗಿ ಒಳಗೆ ಬೀಳುತ್ತಿದ್ದವು, ಮುಂದಿನ ಬಾಗಿಲಿನಿಂದ ಗರಿಗರಿಯಾಗಿ ಹೊರಡುತ್ತಿದ್ದವು. ನಡುವಿನ ಹಾಲ್‌ನಲ್ಲಿ ಇಸ್ತ್ರಿಯ ರೋಲರ್ ಮಷೀನುಗಳು. ಕಾದ ದಪ್ಪ ಉರುಳೆಗಳು ತಿರುಗುತ್ತಲೇ ಇರುತ್ತವೆ. ಒದ್ದೆ ಹಾಸುಬಟ್ಟೆಯ ಎರಡು ಮೂಲೆಗಳನ್ನು ಇಬ್ಬರು ಹೆಂಗಸರು ಹಿಡಿದು ಅವುಗಳ ಬಾಯಿಗೆ ಕೊಡಬೇಕು, ಕೊಟ್ಟ ಕೂಡಲೇ ಕೈ ಬಿಡಬೇಕು. ಬಾಯಿಯ ಮುಂದೆ ಉದ್ದಕ್ಕೂ ಒಂದು ತಡೆಪಟ್ಟಿ ಇತ್ತು. ಅದಕ್ಕೆ ಬೆರಳು ತಗುಲಿದರೆ ಸಾಕು, ಮಷೀನು ನಿಲ್ಲುತ್ತಿತ್ತು.

ಬಟ್ಟೆಯ ಇನ್ನೊಂದು ಮೂಲೆ ಹಿಡಿಯುತ್ತಿದ್ದವಳು ಗುಡುಗಮ್ಮನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಒಂದೇ ಗೋಡೆಯ ಆಚೆ ಈಚೆ ಇಬ್ಬರ ಸಂಸಾರ, ಅಂಗಳದಲ್ಲಿ ಒಂದೇ ನಲ್ಲಿ. ಆ ನಲ್ಲಿಯ ದೆಸೆಯಿಂದ ಇಬ್ಬರೂ ಆಡದ ಮಾತಿರಲಿಲ್ಲ. ಕುಕ್ಕರಿನ ಮುಚ್ಚಳ ಒಯ್ದವಳು ವಾಪಸ್ ಕೊಡಲಿಲ್ಲ ಎಂದು ಒಂದಿಡೀ ಬೇಸಿಗೆ ಮಾತು ಬಿಟ್ಟಿದ್ದರು. ಆದರೆ ರೋಲರ್ ಮುಂದೆ ನಿಂತರೆ ನಾಲ್ಕೂ ಕೈಗಳು ಒಬ್ಬಳವೇ ಎಂಬ ಹಾಗೆ ಆಡುತ್ತಿದ್ದವು. ಒಬ್ಬಳ ಮುಖ ಒಬ್ಬಳು ನೋಡದಿದ್ದರೂ ಬಟ್ಟೆ ಒಂದಿಷ್ಟೂ ಸೊಟ್ಟಗೆ ಹೋಗುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಗುಡುಗಮ್ಮ ಎದ್ದು ನಿಂತು ಪ್ರಾರ್ಥನೆ ಮಾಡುತ್ತಿದ್ದಳು. ಚರ್ಚಿನವರು ತಲೆಗೆ ಸೆರಗು ಹೊದೆಯುತ್ತಿದ್ದರು, ಬೇರೆಯವರು ಡಬ್ಬಿ ಮುಚ್ಚಿ ಕಾಯುತ್ತಿದ್ದರು. ಬಟ್ಟೆ ಮಡಿಸುವ ಮೇಜಿನ ಅಜ್ಜಿ ಬೇರೆ ದೇವರಿಗೆ ಕೈ ಮುಗಿಯುವವಳು. "ಕರೆಂಟ್ ಹೋಗದಂಗೆ ಒಂದ್ ಮಾತು ಸೇರಿಸಮ್ಮಾ" ಎಂದು ಅರ್ಜಿ ಹಾಕುತ್ತಿದ್ದಳು. ಮ್ಯಾನೇಜರಿಗೂ ಇದೆಲ್ಲ ಇಷ್ಟವೇ. ಮೆಲುಮಾತಿನ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಯಾರಾದರೂ ನೋಡಲು ಬಂದರೆ, "ನಮ್ಮಲ್ಲಿ ಎಲ್ಲಾ ಒಂದೇ ಮನೆಯವರ ಥರ" ಎಂದು ನಗುತ್ತಾ ತೋರಿಸುತ್ತಿದ್ದ.

ಹೊಸದೊಂದು ಆಸ್ಪತ್ರೆಯ ಬಟ್ಟೆಯೂ ಬರಲು ಶುರುವಾದ ಮೇಲೆ ಕೆಲಸ ಮೈಮೇಲೆ ಬಂತು. ಬಟ್ಟೆಯ ಮಡಿಕೆ ತಗುಲಿದರೂ ತಡೆಪಟ್ಟಿ ಮಷೀನನ್ನು ನಿಲ್ಲಿಸುತ್ತಿತ್ತು. ಒಂದು ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಮಷೀನುಗಳ ತಡೆಪಟ್ಟಿಯನ್ನೂ ಮೇಲಕ್ಕೆತ್ತಿ, ಹರಿದ ಹಾಸುಬಟ್ಟೆಯ ಚೂರಿನಿಂದ ಬಿಗಿದು ಕಟ್ಟಿದ್ದರು. "ಯಾರೂ ಬಿಚ್ಚಬಾರದು. ಕೈ ನೋಡ್ಕೊಂಡು ಕೆಲಸ ಮಾಡಿ" ಎಂದ ಮ್ಯಾನೇಜರ್, ಮಕ್ಕಳಿಗೆ ಬುದ್ಧಿ ಹೇಳುವ ದನಿಯಲ್ಲಿ.

ಮಳೆಗಾಲ ಮುಗಿಯುವ ಮುಂಚೆ ಓರಗಿತ್ತಿಯ ಬಲಗೈಯನ್ನು ರೋಲರ್ ಎಳೆದುಕೊಂಡಿತು. ಬಟ್ಟೆಯ ಅಂಚಿನ ದಾರವೊಂದು ಬೆರಳಿಗೆ ಸುತ್ತಿಕೊಂಡಿತ್ತು, ಅಷ್ಟೆ. ಗುಡುಗಮ್ಮ ಮಷೀನು ನಿಲ್ಲಿಸಲು ಗೋಡೆಯ ಮೇಲಿದ್ದ ಕೆಂಪು ಗುಂಡಿಯ ತನಕ ಓಡಿ ಅದನ್ನು ಗುದ್ದಿದಳು. ಅಷ್ಟು ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಆಸ್ಪತ್ರೆಯವರಿಗೆ ಬೆರಳುಗಳನ್ನು ಉಳಿಸಲಾಗಲಿಲ್ಲ. ಹೆಬ್ಬೆರಳೊಂದು ಉಳಿಯಿತು.

ಮಾರನೆಯ ದಿನ ಕೆಲಸಕ್ಕೆ ಬಂದಾಗ ಯಾವ ಮಷೀನಿನ ಮೇಲೂ ಕಟ್ಟಿದ ಚೂರಿರಲಿಲ್ಲ. ತಡೆಪಟ್ಟಿಗಳು ತಮ್ಮ ತಮ್ಮ ಜಾಗದಲ್ಲಿ ಏನೂ ಅರಿಯದವರ ಹಾಗೆ ಕೂತಿದ್ದವು. ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿ ಮುಖ ಸಣ್ಣದು ಮಾಡಿಕೊಂಡ.

"ಯಾರ ಮೇಲೂ ತಪ್ಪು ಹೊರಿಸಬಾರದು, ಆದ್ರೂ ಹೇಳ್ತೀನಿ. ಓರಗಿತ್ತೀರ ಜಗಳ ಮನೇಲೇ ಇರಬೇಕು. ಮಷೀನ್ ಮುಂದೆ ಕಿತ್ತಾಡಿದ್ರೆ ಹಿಂಗೇ ಆಗೋದು."

ಗುಡುಗಮ್ಮನ ಕಿವಿಯಲ್ಲಿ ಬಾಯ್ಲರಿನ ಶಬ್ದವೇ ತುಂಬಿಕೊಂಡಿತು. ಹಿಂದಿನ ದಿನ ಅವರಿಬ್ಬರೂ ಜಗಳವಾಡಿರಲಿಲ್ಲ. ಅಪರೂಪಕ್ಕೆ ಮಾತಾಡಿಕೊಂಡು ನಗುತ್ತಿದ್ದರು. ಅದನ್ನು ಯಾರಿಗೆ ಹೇಳುವುದು? ಸುತ್ತ ನೋಡಿದಳು. ಪಟ್ಟಿ ಕಟ್ಟಿದ್ದನ್ನು ಕಂಡ ಕಣ್ಣುಗಳೆಲ್ಲ ನೆಲ ನೋಡುತ್ತಿದ್ದವು.

ಊಟದ ಬಿಡುವಿನಲ್ಲಿ ಎದ್ದು ನಿಂತಳು.

"ಕರ್ತನೇ, ನನ್ನ ಓರಗಿತ್ತಿ ಕೈ ಹೋಯ್ತು. ಯಾಕೆ ಹೋಯ್ತು ಅಂತ ನಿನಗೆ ಗೊತ್ತು. ತಡೆಪಟ್ಟಿ ಮೇಲಕ್ಕೆ ಕಟ್ಟಿಸಿದ್ದು ಮ್ಯಾನೇಜರು. ಬಿಚ್ಚಬಾರದು ಅಂದಿದ್ದೂ ಅವರೇ. ಕೈ ಹೋದ ಮೇಲೆ ಬಿಚ್ಚಿಸಿದ್ದೂ ಅವರೇ. ನೀನು ನೋಡಿದ್ದೀಯ. ನೋಡಿಲ್ಲ ಅಂತ ಮಾತ್ರ ಹೇಳಬೇಡ. ಯೇಸುವಿನ ಹೆಸರಿನಲ್ಲಿ, ಆಮೆನ್."

ಯಾರೂ ಆಮೆನ್ ಎನ್ನಲಿಲ್ಲ. ಎಲ್ಲರೂ ಗಬಗಬ ತಿಂದು ಎದ್ದರು.

ಸಂಜೆ ಮ್ಯಾನೇಜರ್ ತನ್ನ ಕೋಣೆಗೆ ಕರೆಸಿದ. ಕುರ್ಚಿ ತೋರಿಸಿದ, ಅವಳು ಕೂರಲಿಲ್ಲ.

"ನಾನು ಪ್ರಾರ್ಥನೆ ಬೇಡ ಅನ್ನೋನಲ್ಲ, ನಿನಗೇ ಗೊತ್ತು. ಆದ್ರೆ ಅದು ಪ್ರಾರ್ಥನೆ ಥರ ಇರಬೇಕು. ವಾಸಿ ಮಾಡಪ್ಪಾ, ಮನಸ್ಸಿಗೆ ಸಮಾಧಾನ ಕೊಡಪ್ಪಾ ಅನ್ನು. ಸಾಕಲ್ಲ?"

"ದೇವರ ಮುಂದೆ ಅರ್ಧ ಹೇಳಿ ಅರ್ಧ ನುಂಗ್ಲಾ?"

"ಮನಸ್ಸಲ್ಲೇ ಹೇಳ್ಕೋ."

"ಮನಸ್ಸಲ್ಲಿ ಹೇಳೋಕೆ ಬರಲ್ಲ ಸಾರ್. ಊರಿಗೆಲ್ಲಾ ಗೊತ್ತು."

"ಹಂಗಾದ್ರೆ ಇಲ್ಲಿ ಪ್ರಾರ್ಥನೇನೇ ಬೇಡ" ಎಂದ. ದನಿ ಮೊದಲ ಬಾರಿಗೆ ಒರಟಾಯಿತು.

ಅವಳು ಮರುದಿನವೂ ಎದ್ದು ನಿಂತು ಅದೇ ಪ್ರಾರ್ಥನೆ ಮಾಡಿದಳು. ಅದರ ಮರುದಿನ ಅವಳನ್ನು ಕೊಳೆಬಟ್ಟೆಯ ಕೋಣೆಗೆ ಹಾಕಿದರು.

ಅದು ಕಿಟಕಿಯಿಲ್ಲದ ಕೋಣೆ. ಮೂಟೆ ಬಿಚ್ಚಿ, ರಕ್ತದ್ದು ಬೇರೆ, ಮಲದ್ದು ಬೇರೆ ಮಾಡಬೇಕು. ಬಟ್ಟೆಯ ಮಡಿಕೆಯಲ್ಲಿ ಸೂಜಿ ಇರುತ್ತಿತ್ತು, ಒಮ್ಮೊಮ್ಮೆ ಹಲ್ಲಿನ ಸೆಟ್ಟೂ ಇರುತ್ತಿತ್ತು. ಅಲ್ಲಿ ಅವಳೊಬ್ಬಳೇ. ಊಟದ ಹೊತ್ತಿಗೆ ಕೈಗವಸು ಕಳಚಿ, ತೊಳೆದು, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಆಮೆನ್ ಎನ್ನಲು ಒಂದು ಪ್ರಾಣಿಯೂ ಇಲ್ಲ. ಆ ದಿನಗಳಲ್ಲಿ ಅವಳ ಸಿಟ್ಟು ಮ್ಯಾನೇಜರನ್ನು ದಾಟಿ ಮೇಲಕ್ಕೇ ಏರಿತು. "ನೀನೂ ಅವನ ಕಡೆನಾ? ನಾನು ಇಲ್ಲಿ ಹೇಲು ಬಾಚ್ತಾ ಇದೀನಿ, ಅವನು ಫ್ಯಾನ್ ಕೆಳಗೆ ಕೂತಿದಾನೆ. ಎಲ್ಲಿದೀಯ? ಬಾಯಿ ಬಿಡು!" ಎಂದು ದೇವರನ್ನೇ ಗದರಿಸಿದಳು. ಗದರಿಸಿ ಹೆದರಿದಳು. ಹೆದರಿದರೂ ನಿಲ್ಲಿಸಲಿಲ್ಲ. ತವರಿನ ಬಾಗಿಲು ಬಡಿಯುವವಳು ಒಳಗೆ ಅಪ್ಪ ಇದ್ದಾನೆ ಎಂದು ತಿಳಿದೇ ಅಷ್ಟು ಜೋರಾಗಿ ಬಡಿಯುವುದು. ಅವಳದೂ ಅದೇ ಕಥೆ. ಯೇಸು ಕಲಿಸಿದ ಪ್ರಾರ್ಥನೆಯನ್ನು ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಮಾತ್ರ ಬಾಯಿ ಕಟ್ಟುತ್ತಿತ್ತು. ಸುಳ್ಳು ಹೇಳಲಾಗದೆ ಆ ಸಾಲಿನಷ್ಟು ಹೊತ್ತು ಸುಮ್ಮನೆ ನಿಂತು ಮುಂದಕ್ಕೆ ಹೋಗುತ್ತಿದ್ದಳು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. "ನಿನ್ನ ಬಾಯಿಂದ ಮನೆ ಒಲೆ ಆರುತ್ತೆ ನೋಡು" ಎಂದ ಗಂಡ. ಮೈದುನ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಗಲಾಟೆ ಮಾಡದಿದ್ದರೆ ಹೆಂಡತಿಗೆ ಏನಾದರೂ ದಾರಿ ಮಾಡಿಕೊಡುತ್ತೇನೆ ಎಂದು ಮ್ಯಾನೇಜರ್ ಅವನ ಕಿವಿಗೆ ಊದಿದ್ದ. ಒಂದು ಭಾನುವಾರ ಪಾಸ್ಟರ್ ಮನೆಗೇ ಬಂದರು. ಚರ್ಚಿಗೆ ಹೊಸ ಬೆಂಚು ಮಾಡಿಸಿಕೊಟ್ಟವರು ಲಾಂಡ್ರಿಯ ಮಾಲೀಕರು. ಪಾಸ್ಟರ್ ಬಾಯಿ ಬಿಡುವ ಮೊದಲೇ ಗುಡುಗಮ್ಮನಿಗೆ ಆ ಬೆಂಚುಗಳು ಕಣ್ಣಿಗೆ ಕಟ್ಟಿದವು.

"ಕ್ಷಮಿಸಬೇಕಮ್ಮಾ. ನಮ್ಮ ಧರ್ಮ ಅದೇ ಅಲ್ವಾ?" ಎಂದರು.

"ಕ್ಷಮಿಸ್ತೀನಿ. ಏನನ್ನ ಅಂತ ಹೇಳಿ. ಅವರು ತಪ್ಪೇ ಮಾಡಿಲ್ಲ ಅಂತಿದಾರೆ, ಮಾಡಿದ್ದು ನಾವು ಓರಗಿತ್ತೀರು ಅಂತಿದಾರೆ. ಆಗದೇ ಇರೋ ತಪ್ಪನ್ನ ಹೆಂಗೆ ಕ್ಷಮಿಸೋದು ಪಾಸ್ಟರೇ?"

"ಪ್ರಾರ್ಥನೆ ಅನ್ನೋದು ಚುಚ್ಚೋ ಕತ್ತಿ ಆಗಬಾರದು."

"ಬಾಯಿಗೆ ತುರುಕೋ ಬಟ್ಟೇನೂ ಆಗಬಾರದು."

ಪಾಸ್ಟರ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಕೆಟ್ಟ ಮನುಷ್ಯರಲ್ಲ ಅವರು. ಹುಷಾರಿಲ್ಲದವರ ಮನೆಗೆ ಮಳೆಯಲ್ಲೂ ನಡೆದು ಹೋಗುವವರು. ಅದು ಗೊತ್ತಿದ್ದರಿಂದಲೇ ಅವಳಿಗೆ ಇನ್ನಷ್ಟು ಉರಿಯಿತು.

ಕೈ ಹೋದ ಸುದ್ದಿ ಹೊಸ ಆಸ್ಪತ್ರೆಯವರ ಕಿವಿಗೂ ಬಿದ್ದಿತ್ತು. ಅಲ್ಲಿನ ಹೆಡ್ ನರ್ಸ್ ಲಾಂಡ್ರಿಯನ್ನು ಕಣ್ಣಾರೆ ನೋಡಲು ಬರುತ್ತೇನೆಂದರು. ಮ್ಯಾನೇಜರ್ ನೆಲ ಉಜ್ಜಿಸಿದ, ಹೆಂಗಸರಿಗೆ ಹೊಸ ಏಪ್ರನ್ ಕೊಟ್ಟ, ಪಾಸ್ಟರನ್ನು ಕರೆಸಿದ. ಗಾಯವಾದವಳಿಗಾಗಿ ಎಲ್ಲರೂ ಸೇರಿ ಪ್ರಾರ್ಥನೆ ಮಾಡುವುದನ್ನು ಬಂದವರು ನೋಡಲಿ ಎಂಬುದು ಅವನ ಲೆಕ್ಕ. ಗುಡುಗಮ್ಮನ ಕೋಣೆಯ ಬಾಗಿಲನ್ನು ಹೊರಗಿನಿಂದ ಮುಚ್ಚಿ ಹೋದ. ಬೀಗ ಹಾಕಿರಲಿಲ್ಲ, ಕರೆಯದೆ ಬರುವಷ್ಟು ಧೈರ್ಯ ಯಾರಿಗೂ ಇರುವುದಿಲ್ಲ ಎಂದುಕೊಂಡಿರಬೇಕು.

ಪಾಸ್ಟರ್ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. "ಅಜಾಗರೂಕತೆಯಿಂದ ನೊಂದ ನಮ್ಮ ಸಹೋದರಿಯನ್ನು..." ಎಂಬ ಮಾತು ಬಾಗಿಲ ಸಂದಿನಿಂದ ಒಳಗೆ ಬಂತು. ಯಾರ ಅಜಾಗರೂಕತೆ? ಗುಡುಗಮ್ಮ ಬಾಗಿಲನ್ನು ಕಾಲಿನಿಂದಲೇ ಒದ್ದು ತೆರೆದಳು. ಕಲೆಯಾದ ಏಪ್ರನ್ನಿನಲ್ಲೇ ಹಾಲ್‌ನ ನಡುವೆ ಬಂದು ನಿಂತಳು. ಜನ ತಾವಾಗಿ ಸರಿದರು. ಅವಳ ಮೈಯಿಂದ ಅಂಥ ವಾಸನೆ ಬರುತ್ತಿತ್ತು. ಪಾಸ್ಟರ್ ಆಮೆನ್ ಎನ್ನುವವರೆಗೆ ಕಾದಳು. ಪ್ರಾರ್ಥನೆಯ ನಡುವೆ ಬಾಯಿ ಹಾಕುವುದು ಅವಳಿಗೆ ಸಲ್ಲದು.

"ಇನ್ನೂ ಮುಗಿದಿಲ್ಲ" ಎಂದಳು. ತಲೆಗೆ ಸೆರಗೆಳೆದುಕೊಂಡಳು.

"ಏಯ್, ಒಳಗೆ ಹೋಗು" ಎಂದ ಮ್ಯಾನೇಜರ್, ಹಲ್ಲು ಕಚ್ಚಿ ನಗುತ್ತಲೇ.

"ಕರ್ತನೇ!" ಎಂದಳು ಗುಡುಗಮ್ಮ. ಹೆಡ್ ನರ್ಸ್ ಬೆಚ್ಚಿದರು. "ಪಾಸ್ಟರು ಅಜಾಗರೂಕತೆ ಅಂದ್ರು. ಯಾರದು ಅಂತ ಹೇಳೋಕೆ ಮರೆತ್ರು, ನಾನು ಹೇಳ್ತೀನಿ. ಮಷೀನ್ ನಿಲ್ಸೋ ಪಟ್ಟೀನ ಮ್ಯಾನೇಜರು ಹರಿದ ಬಟ್ಟೇಲಿ ಕಟ್ಟಿಸಿದ್ರು. ಇಲ್ಲಿರೋರೆಲ್ಲಾ ನೋಡಿದ್ದಾರೆ. ನಾನೂ ಆ ಪಟ್ಟಿ ಬಿಚ್ಚಲಿಲ್ಲ, ಬೈಗುಳಕ್ಕೆ ಹೆದರಿದೆ. ನಮ್ಮೆಲ್ಲರ ಬಾಯಿಗೂ ಅದೇ ಬಟ್ಟೆ ಕಟ್ಟಿದಾರೆ ಸ್ವಾಮಿ. ಬಿಚ್ಚು. ಇವತ್ತೇ ಬಿಚ್ಚು. ಆಮೆನ್."

ರೋಲರುಗಳು ಸುಮ್ಮನೆ ತಿರುಗುತ್ತಿದ್ದವು. ಮುಗಿಯಿತು, ಇವತ್ತೇ ಮನೆಗೆ, ಎಂದುಕೊಂಡಳು ಗುಡುಗಮ್ಮ.

"ಆಮೆನ್" ಎಂದಿತೊಂದು ಸೀಳು ದನಿ. ಮಡಿಸುವ ಮೇಜಿನ ಅಜ್ಜಿ! ಆ ಮಾತಿನ ಅರ್ಥ ಗೊತ್ತಿತ್ತೋ ಇಲ್ಲವೋ, ಮ್ಯಾನೇಜರನ್ನು ನೆಟ್ಟಗೆ ನೋಡಿಕೊಂಡೇ ಹೇಳಿದಳು. ರೋಲರಿನ ಕಡೆಯಿಂದ ಇನ್ನೊಂದು ಬಂತು. ಒಗೆಯುವ ಮಷೀನುಗಳ ಹತ್ತಿರದಿಂದ ಮತ್ತೆ ಕೆಲವು. ಚರ್ಚಿನವರು, ಚರ್ಚಿನ ಮೆಟ್ಟಿಲು ಕಾಣದವರು, ಎಲ್ಲರದೂ ಸೇರಿ ಹಾಲ್ ಗುಂಯ್‌ಗುಟ್ಟಿತು. ಎಲ್ಲ ಅಡಗಿದ ಮೇಲೆ, ತಲೆ ತಗ್ಗಿಸಿಕೊಂಡೇ, ಪಾಸ್ಟರ್ ಕೂಡ ಆಮೆನ್ ಎಂದರು.

ಹೆಡ್ ನರ್ಸ್ ಹೆಚ್ಚು ಮಾತಾಡುವವರಲ್ಲ. "ಕಟ್ಟಿದ್ದನ್ನ ನೋಡಿದೋರು ಯಾರು? ಒಬ್ಬೊಬ್ಬರೇ ಬಂದು ಹೇಳಿ" ಎಂದು ಮಡಿಸುವ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಮ್ಯಾನೇಜರ್ ಚಹಾ ತರಿಸುತ್ತೇನೆಂದ. ಬೇಡ ಎಂದರು. ಸಾಲು ಬಾಗಿಲವರೆಗೆ ಬೆಳೆಯಿತು.

ಆಮೇಲೆ ವಿಚಾರಣೆ ನಡೆಯಿತು. ಓರಗಿತ್ತಿಗೆ ಪರಿಹಾರ ಸಿಕ್ಕಿತು. ಬೆರಳಿಗೆ ಸಮ ಯಾವುದೂ ಅಲ್ಲ. ತಡೆಪಟ್ಟಿಗಳನ್ನು ಯಾರೂ ಮತ್ತೆ ಕಟ್ಟಲಿಲ್ಲ. ಮ್ಯಾನೇಜರನ್ನು ಮಾಲೀಕರು ತಮ್ಮದೇ ಇನ್ನೊಂದು ಲಾಂಡ್ರಿಗೆ ಕಳಿಸಿದರು, ಅಷ್ಟೆ. ಅದನ್ನು ಕೇಳಿದ ದಿನ ಗುಡುಗಮ್ಮ ಎರಡು ಹೊತ್ತು ಊಟ ಮಾಡಲಿಲ್ಲ. ಅವಳನ್ನು ರೋಲರಿಗೆ ವಾಪಸ್ ಕರೆಯಲಿಲ್ಲ, ಅವಳೂ ಕೇಳಲಿಲ್ಲ. ಕೊಳೆಬಟ್ಟೆಯ ಕೋಣೆಗೆ ಇನ್ನಿಬ್ಬರನ್ನೂ ಒಂದು ಫ್ಯಾನನ್ನೂ ಹಾಕಿಸಿಕೊಂಡಳು.

ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿದ್ದವಳು ಓರಗಿತ್ತಿ. "ನನ್ನ ಕೈ, ನನ್ನ ನೋವು. ಡಂಗುರ ಸಾರೋಕೆ ನಿನ್ನ ಯಾರು ಕೇಳಿದ್ರು?" ಎಂದು ನಲ್ಲಿಯ ಹತ್ತಿರ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಗುಡುಗಮ್ಮನೂ ಬಿಡಲಿಲ್ಲ. ಮಾತು ನಿಂತುಹೋಯಿತು. ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಚರ್ಚಿಗೆ ಹೊರಡುವ ಹೊತ್ತಿಗೆ, ಓರಗಿತ್ತಿ ಬಾಚಣಿಗೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಒಂದೇ ಕೈಯಲ್ಲಿ ಜಡೆ ಹೆಣೆಯಲು ಬರುವುದಿಲ್ಲವಲ್ಲ. ಬಾಯಲ್ಲಿ ಏನೂ ಕೇಳಲಿಲ್ಲ, ಬೆನ್ನು ತಿರುಗಿಸಿ ಕೂತಳು.

ಗುಡುಗಮ್ಮ ಬಾಚತೊಡಗಿದಳು.

"ಮೆಲ್ಲಗೆ. ಕೂದಲು ಕಿತ್ತು ಕೈಗೆ ಕೊಡ್ತೀಯಾ?"

"ಸಿಕ್ಕಾಗಿದೆ. ಅಲ್ಲಾಡಬೇಡ."

ಜಡೆ ಹೆಣೆಯಲು ಶುರು ಮಾಡಿದಾಗ ಓರಗಿತ್ತಿ ಕೇಳಿದಳು, "ಆ ಮ್ಯಾನೇಜರನ್ನ ಕ್ಷಮಿಸಿದ್ಯಾ ಅಕ್ಕಾ?"

"ಇಲ್ಲ."

"ನಾನೂ ಇಲ್ಲ."

"ಕ್ಷಮಿಸೋ ಶಕ್ತಿ ಕೊಡು ಅಂತ ದಿನಾ ಕೇಳ್ತೀನಿ" ಎಂದಳು ಗುಡುಗಮ್ಮ, ಜಡೆಯ ತುದಿಗೆ ರಬ್ಬರ್ ಸುತ್ತುತ್ತಾ. "ದೇವರು ಇನ್ನೂ ಕೊಟ್ಟಿಲ್ಲ. ಅದಕ್ಕೂ ಅವನ ಹತ್ರ ಜಗಳ ಆಡ್ತಾನೇ ಇದೀನಿ. ಏಳು, ಹೊತ್ತಾಯ್ತು."