ಟ್ರೆಮೊಲೊ ಪೆಟ್ಟಿಗೆಗೆ ಹಾಕಿದ ಅರಗು

೧೯೫೮ರಲ್ಲಿ ಹುಣಸೂರಿನ ಪೇಟೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಸುತ್ತಮುತ್ತ ಬೇರೆ ಮೆಕ್ಯಾನಿಕ್ ಇಲ್ಲದ್ದರಿಂದ ನನಗೆ ಕೊಂಬು ಬಂದಿತ್ತು. ರಿಪೇರಿ ಮುಗಿದ ಮೇಲೆ ಒಳಗಿನ ಸ್ಕ್ರೂಗಳ ಮೇಲೆ ಅರಗಿನ ಹನಿ ಬಿಡುವುದು ನನ್ನ ಪದ್ಧತಿ. ಇಲ್ಲದಿದ್ದರೆ ಗಿರಾಕಿಗಳು ಅದನ್ನೂ ಇದನ್ನೂ ತಿರುಗಿಸಿ ಕೆಡಿಸಿಕೊಂಡು, ಬಂದು ನನ್ನನ್ನೇ ಬೈಯುತ್ತಿದ್ದರು.

ಬಾಷಾ ನಮ್ಮೂರಿನವನೇ. ಕೃಷ್ಣರಾಜನಗರದಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ. ಕೊಡಗಿನ ತೋಟದ ದೊರೆಯೊಬ್ಬ ದೇಶ ಬಿಡುವಾಗ ಮಾರಿದ್ದ ಟ್ರೆಮೊಲೊ ಪೆಟ್ಟಿಗೆಯೊಂದನ್ನು ಅವನು ಗಿಟಾರಿನ ಸಮೇತ ರಿಪೇರಿಗೆಂದು ನನ್ನ ಅಂಗಡಿಯಲ್ಲಿ ಬಿಟ್ಟುಹೋದ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂತು ಸದ್ದನ್ನು ಒಂದೇ ಸಮನೆ ಏರಿಸಿ ಇಳಿಸುವ ಪೆಟ್ಟಿಗೆ ಅದು. ಅದಕ್ಕಿದ್ದದ್ದು ಎರಡೇ ತಿರುಪು. ಏರಿಳಿತ ಎಷ್ಟು ಬೇಗ ಆಗಬೇಕು ಎನ್ನುವುದಕ್ಕೆ ಸ್ಪೀಡ್, ಸದ್ದು ಎಷ್ಟು ತಗ್ಗಬೇಕು ಎನ್ನುವುದಕ್ಕೆ ಡೆಪ್ತ್.

ಕೆಟ್ಟಿದ್ದ ಕಂಡೆನ್ಸರ್ ಬದಲಾಯಿಸಿ, ಎರಡನ್ನೂ ಪೂರ್ತಿ ಏರಿಸಿ ತಂತಿ ಮೀಟಿದೆ. ಬೀದಿಯ ಜನ ನಿಂತು ತಲೆದೂಗಿದರು. ಇದಕ್ಕಿಂತ ಚೆನ್ನಾಗಿ ಇನ್ನೇನು ಬೇಕೆಂದು ತಿರುಪುಗಳ ಬುಡಕ್ಕೂ ಅರಗು ಬಿಟ್ಟೆ.

ಮರುದಿನ ಬಾಷಾ ಅವಸರದಲ್ಲಿ ಬಂದ. ಸಂಜೆ ಆಟವಿತ್ತು, ಬಸ್ಸು ಹೊರಟು ನಿಂತಿತ್ತು.

"ಎಲ್ಲಾ ಸರಿಯಾಗಿ ಇಟ್ಟಿವ್ನಿ, ಮುಟ್ಟೋದೇ ಬ್ಯಾಡ" ಎಂದೆ.

"ಪದಕ್ಕೊಂದು ತರ ತಿರುಗಿಸ್ಬೇಕು ಕಣಣ್ಣ. ಅಳೋ ಪದಕ್ಕೆ ಎರಡೂ ಕಮ್ಮಿ ಮಾಡ್ಬೇಕು."

"ಮೀಟೋದು ನಿನ್ ಕೆಲ್ಸ, ಪೆಟ್ಟಿಗೆ ನನ್ ಕೆಲ್ಸ. ಓಗು, ಬಸ್ ತಪ್ಪೋಯ್ತದೆ" ಎಂದು ನಕ್ಕು ಕಳಿಸಿದೆ. ಅರಗಿನ ಮಾತು ಎತ್ತಲೇ ಇಲ್ಲ.

ನನ್ನ ಕೈಚಳಕ ಕೇಳಲೆಂದು ನಾನೂ ಆಟಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಕುಣಿತದ ಹಾಡಿಗೆ ಚಪ್ಪಾಳೆ ಬಿತ್ತು. ಆಮೇಲೆ ಸತ್ತ ಮಗನ ಮುಂದೆ ತಾಯಿ ಹಾಡುವ ದೃಶ್ಯ. ಅವಳ ದನಿಯ ಮೇಲೆ ಗಿಟಾರು ಚಳಿಜ್ವರ ಬಂದವರಂತೆ ಗಡಗಡ ನಡುಗಿತು. ಬಾಷಾ ಬಗ್ಗಿ ತಿರುಪು ಹಿಡಿದ; ಅದು ಅಲುಗಲಿಲ್ಲ. ಗಾಬರಿಯಲ್ಲಿ ವೈರನ್ನೇ ಕಿತ್ತ. ಸ್ಪೀಕರು ಗೊರ್ರೆಂದು ಅರಚಿತು. ಜನ ಬಿದ್ದು ಬಿದ್ದು ನಕ್ಕರು, ಹೆಣವಾಗಿ ಮಲಗಿದ್ದವನೂ ನಕ್ಕ.

ಪರದೆ ಬಿದ್ದ ಮೇಲೆ ಕಂಪನಿಯ ಮಾಲೀಕರು ನನ್ನನ್ನು ಒಳಗೆ ಕರೆಸಿದರು. "ಏನ್ರೀ, ಪೆಟ್ಟಿಗೆ ರಿಪೇರಿ ಆಗಿರ್ಲಿಲ್ವಾ?"

ಬಾಷಾ ಅಲ್ಲೇ ನಿಂತಿದ್ದ. ಅಂಗಡಿಯ ಹೆಸರು ಹೋದೀತೆಂದು ಹೆದರಿದೆ.

"ಪೆಟ್ಟಿಗೆ ಸರಿಯಾಗೈತೆ ಕಣ್ರೀ" ಎಂದೆ. ಅದು ಸುಳ್ಳೂ ಅಲ್ಲ, ಅದೇ ಅದರ ಹೊಲಸು. ಬಾಷಾ ನನ್ನ ಮುಖ ನೋಡಿದ. ತಪ್ಪು ನುಡಿಸಿದವನದೇ ಎಂದಾಯಿತು, ಅಲ್ಲಿಗೆ ಅವನ ಕೆಲಸ ಹೋಯಿತು. ಸುದ್ದಿ ಹಬ್ಬಿ ಬೇರೆ ಕಂಪನಿಗಳೂ ಅವನನ್ನು ಸೇರಿಸಿಕೊಳ್ಳಲಿಲ್ಲ.

ವರ್ಷ ಕಳೆದ ಮೇಲೆ ಅವನು ಹನಗೋಡಿನ ಬಳಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಸೌದೆ ಹೊರುತ್ತಿದ್ದುದನ್ನು ಕಂಡೆ. ಗಿಟಾರು ಮಾರಿಬಿಟ್ಟಿದ್ದನಂತೆ. ಅರಗು ಹಾಕಿದವನು ನಾನೇ ಎಂದು ಕೊನೆಗೂ ಬಾಯಿಬಿಟ್ಟೆ.

ಅವನು ಸೌದೆ ಇಳಿಸಲಿಲ್ಲ. "ಅವತ್ತೇ ಕಂಡೆ ಕಣಣ್ಣ. ಮಾಲೀಕ್ರು ಕೇಳ್ದಾಗ ನೀವೇ ಯೋಳ್ತೀರಿ ಅಂತ ಸುಮ್ಕಿದ್ದೆ."

ಅಂದಿನಿಂದ ನುಡಿಸುವವನ ಕೈಗೆ ಸೇರಿದ ತಿರುಪನ್ನು ನಾನು ಮುಟ್ಟಿಲ್ಲ, ನನ್ನ ತಪ್ಪನ್ನು ಗಿರಾಕಿಯ ತಲೆಗೆ ಕಟ್ಟಿಲ್ಲ. ಒಳ್ಳೆಯ ಮೆಕ್ಯಾನಿಕ್ ಎಂದು ಜನ ಹೊಗಳಿದರು. ಕಲಿತದ್ದು ನಾನು, ನುಡಿಸುವ ಕೈ ಕಳೆದುಕೊಂಡವನು ಬಾಷಾ.