ಗುಡುಗಿಗೆ ಪ್ಲಗ್ ತೆಗೆದ ಮಾಮಿ

ನಮ್ಮ ಮನೆಯಲ್ಲಿ ಯಾರೂ "ಹೋಗ್ತೇನೆ" ಎಂದು ಹೇಳಿ ಹೊರಡುವುದಿಲ್ಲ. ತುಳುವಿನಲ್ಲಿ "ಪೋದು ಬರ್ಪೆ" ಅನ್ನಬೇಕು, ಹೋಗಿ ಬರ್ತೇನೆ ಅಂತ. ಅದಕ್ಕೆ ಮನೆಯ ಹಿರಿಯರು "ಪೋದು ಬಲ" ಅನ್ನಬೇಕು, ಹೋಗಿ ಬಾ ಅಂತ. ಈ ಎರಡನೆಯದು ಕಿವಿಗೆ ಬೀಳದೆ ಗೇಟು ದಾಟಿದರೆ ನನಗೆ ದಿನವಿಡೀ ಏನೋ ಮರೆತು ಬಂದ ಹಾಗೆ ಆಗುತ್ತದೆ. ಮದುವೆಯಾಗಿ ಮಂಗಳೂರಿನ ಕದ್ರಿಯ ಈ ಮನೆಗೆ ಬಂದಾಗಿನಿಂದ ನನಗೆ ಆ ಮಾತು ಹೇಳುತ್ತಾ ಬಂದವರು ಮಾಮಿ, ಅಂದರೆ ನನ್ನ ಗಂಡನ ತಾಯಿ. ಅವರು ಅಡುಗೆಮನೆಯಲ್ಲಿ ಕೂತು ಹೇಳಿದರೆ, ಇಳಿಜಾರಿನ ಕೆಳಗೆ ಬಸ್ಸಿಗೆ ನಿಂತವರಿಗೂ ನಾನು ಮನೆ ಬಿಟ್ಟದ್ದು ಗೊತ್ತಾಗುತ್ತಿತ್ತು. ಅಂಥ ಸ್ವರ.

ಆ ಸ್ವರ ಗಂಟಲಿನ ಕಾಯಿಲೆಗೆ ಹೋಯಿತು. ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಮಾಮಿ ಉಳಿದರು, ಅದೇ ದೊಡ್ಡದು ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡೆವು. ಆದರೆ ಜೀವಮಾನವಿಡೀ ಗಟ್ಟಿಯಾಗಿ ಮಾತಾಡಿದವರು ತುಟಿ ಮಾತ್ರ ಆಡಿಸುತ್ತಾ ಕೂರುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಕೈ ನಡುಗುವುದರಿಂದ ಬರೆದು ತೋರಿಸಲಿಕ್ಕೂ ಆಗದು. ಬರೆದರೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು.

ನಾನು ಬಲ್ಮಠದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಮನೆಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿದೆ. ಕನ್ನಡದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುವ ಒಂದು ಪ್ರೋಗ್ರಾಂ ಅದರಲ್ಲಿ ಇತ್ತು. ದೊಡ್ಡ ಕೀಲಿಗಳ ಕೀಬೋರ್ಡು, ಎರಡು ಸಣ್ಣ ಸ್ಪೀಕರು. ಮಾಮಿ ಒಂದೇ ಬೆರಳಿನಲ್ಲಿ ಕುಟ್ಟಿ, ಕೊನೆಗೆ ಎಂಟರ್ ಒತ್ತಿದರೆ ಅದು ಮಾತಾಡುತ್ತಿತ್ತು.

ಮೊದಲ ಸಲ ಅದು ಬಾಯಿ ತೆರೆದಾಗ ನನಗೇ ನಾಚಿಕೆಯಾಯಿತು. ತಗಡಿನ ಡಬ್ಬಿಯೊಳಗೆ ಒಬ್ಬ ಗಂಡಸು ಕೂತು ಮಾತಾಡಿದ ಹಾಗೆ. ಸ್ವರ ಸ್ವಲ್ಪ ಏರಿಸಿ, ವೇಗ ಇಳಿಸಿ ಏನೋ ಮಾಡಿದೆ. ಆಮೇಲೆ ತುಳುವಿನ ಪಂಚಾತಿಕೆ. ತುಳುವನ್ನು ನಾವು ಕನ್ನಡ ಅಕ್ಷರದಲ್ಲೇ ಬರೆಯುವುದು, ಆದರೆ ನಮ್ಮ ಶಬ್ದಗಳ ಕೊನೆಗೆ ಒಂದು ಅರ್ಧ ಉಕಾರ ಇರುತ್ತದೆ, ಅದು ಯಾವ ಅಕ್ಷರಕ್ಕೂ ಸಿಗುವುದಿಲ್ಲ. 'ಪೋದು' ಎಂದು ಬರೆದರೆ ಯಂತ್ರ ಆ ಉಕಾರವನ್ನು ಎಳೆದು ಹಾಡುತ್ತಿತ್ತು. 'ಪೋದ್' ಎಂದು ಬರೆದರೆ ಕತ್ತಿಯಲ್ಲಿ ಕಡಿದಂತೆ ನಿಲ್ಲಿಸುತ್ತಿತ್ತು. ಮಾಮಿ ಬಿಡಲಿಲ್ಲ. ಇಡೀ ಮಧ್ಯಾಹ್ನ ಕುಟ್ಟಿ ಕುಟ್ಟಿ 'ಪೋದ ಬಲ' ಎಂದು ತಪ್ಪಾಗಿ ಬರೆದರೆ ಸರಿಯಾಗಿ ಕೇಳುತ್ತದೆ ಎಂದು ಕಂಡುಹಿಡಿದರು. ಆಮೇಲೆ ಎಲ್ಲ ಶಬ್ದಗಳನ್ನೂ ಹಾಗೆಯೇ ಬೇಕೆಂದೇ ತಪ್ಪು ಬರೆಯತೊಡಗಿದರು. ಪರದೆ ನೋಡಿದರೆ ಒಂದನೇ ತರಗತಿಯ ಕಾಪಿ, ಕೇಳಿದರೆ ಅಚ್ಚ ತುಳು.

ಬಜಪೆ ಕಡೆ ಹೋಟೆಲು ನಡೆಸುವ ನನ್ನ ಗಂಡ ಒಮ್ಮೆ ಒಳ್ಳೆಯ ಫೋನೊಂದನ್ನು ತಂದುಕೊಟ್ಟರು. ಅದರಲ್ಲೂ ಓದುವ ಸೌಕರ್ಯ ಇತ್ತು, ಜೇನಿನಂಥ ಹುಡುಗಿಯ ಸ್ವರ. ಮಾಮಿ ಒಂದು ವಾಕ್ಯ ಕೇಳಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ತಮ್ಮ ಕಂಪ್ಯೂಟರಿಗೆ ಹೋಗಿ ಕುಟ್ಟಿದರು: "ಇದು ಬ್ಯಾಂಕಿನಿಂದ ಸಾಲ ಬೇಕಾ ಅಂತ ಕೇಳುವ ಹುಡುಗಿ. ನಾನಲ್ಲ."

ಅಲ್ಲಿಗೆ ತೀರ್ಮಾನವಾಯಿತು. ಆ ತಗಡಿನ ಸ್ವರವೇ ಮಾಮಿಯ ಸ್ವರ.

ಹೀಗೆ ಕೆಲವು ವರ್ಷ ಕಳೆಯುವಷ್ಟರಲ್ಲಿ ಲಿನಕ್ಸ್ ಮುದಿಯಾಯಿತು. ಮಾಮಿ ದಿನಾ ನೋಡುವ ಪೇಪರಿನ ಪುಟ ತೆರೆಯುವುದನ್ನು ನಿಲ್ಲಿಸಿತು. ಮುಂಬಯಿಯಲ್ಲಿರುವ ಅವರ ತಮ್ಮನ ವಿಡಿಯೋ ಕಾಲ್ ಬರುವುದು ನಿಂತಿತು. ಮಾಮಿ ನನ್ನನ್ನು ಕೂರಿಸಿ, "ನೀನು ಕಾಲೇಜಿನ ಕಂಪ್ಯೂಟರ್ ಎಲ್ಲ ಸರಿ ಮಾಡ್ತಿ. ನನ್ನದು ಮಾತ್ರ ಹೀಗೆ ಉಂಟು" ಎಂದು ಯಂತ್ರದಿಂದಲೇ ಹೇಳಿಸಿದರು. ತಗಡಿನ ಸ್ವರದಲ್ಲಿ ಚುಚ್ಚು ಮಾತು ಎರಡು ಪಾಲು ಚುಚ್ಚುತ್ತದೆ.

ನವರಾತ್ರಿ ಕಳೆದ ಮೇಲಿನ ಒಂದು ಶನಿವಾರ ಮಧ್ಯಾಹ್ನ ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಲು ಕೂತೆ. ಎಲ್ಲ ಅಳೆದು ತೂಗಿಯೇ ಕೂತದ್ದು. ನಮ್ಮ ಆವೃತ್ತಿ ಎಷ್ಟು ಹಳೆಯದೆಂದರೆ ಅದಕ್ಕೆ ಬೇಕಾದ ಸಾಮಾನು, ಅಂದರೆ ಫೈಲುಗಳು, ಇಂಟರ್ನೆಟ್ಟಿನ ಮಾಮೂಲಿ ಜಾಗದಲ್ಲಿ ಇರಲೇ ಇಲ್ಲ, ಹಳೆ ಸಾಮಾನಿನ ಗೋದಾಮಿಗೆ ಹೋಗಿತ್ತು. ಆ ವಿಳಾಸ ಹುಡುಕಿ ಬರೆದೆ. ಫೋಟೋಗಳನ್ನು ಬೇರೆ ಕಡೆ ಇಳಿಸಿದೆ. ಓದುವ ಪ್ರೋಗ್ರಾಂ ಹೊಸದಾದರೆ ಮಾಮಿಯ ಸ್ವರ ಬದಲಾದೀತು; ಅದನ್ನು ಮಾತ್ರ ಮುಟ್ಟಬೇಡ, ಇದ್ದ ಹಾಗೆಯೇ ಇರಲಿ ಎಂದು ಕಂಪ್ಯೂಟರಿಗೆ ಕಟ್ಟುನಿಟ್ಟಾಗಿ ಹೇಳಿಟ್ಟೆ. ಕರೆಂಟು ಹೋದರೆ ಇನ್ವರ್ಟರ್ ಉಂಟು. ಅಪ್‌ಗ್ರೇಡ್ ಶುರುವಾಯಿತು, ಪರದೆಯ ಮೇಲೆ ಸಾಲುಗಳು ಓಡತೊಡಗಿದವು. "ಇದು ಮುಗಿಯುವವರೆಗೆ ಮಾತಾಡ್ಲಿಕ್ಕೆ ಆಗುವುದಿಲ್ಲ ಮಾಮಿ" ಎಂದು ಹೇಳಿ ನಾನು ಟೆರೇಸಿನಲ್ಲಿ ಒಣಹಾಕಿದ್ದ ಬಟ್ಟೆ ತರಲು ಹೋದೆ. ಆಕಾಶ ಕಪ್ಪಾಗಿತ್ತು.

ಎಲ್ಲ ಲೆಕ್ಕ ಹಾಕಿದ್ದೆ, ಮಾಮಿಯನ್ನು ಬಿಟ್ಟು.

ನಮ್ಮ ಊರಿನ ಮನೆಗಳಲ್ಲಿ ಗುಡುಗು ಕೇಳಿದ ಕೂಡಲೇ ಹಿರಿಯರು ಎದ್ದು ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತುಹಾಕುತ್ತಾರೆ. ಟಿವಿ, ಫ್ರಿಜ್ಜು, ಇಂಟರ್ನೆಟ್ಟಿನ ಪೆಟ್ಟಿಗೆ, ಒಂದೂ ಬಿಡುವುದಿಲ್ಲ. ಸಿಡಿಲು ತಂತಿಯಲ್ಲಿ ಇಳಿದು ಬಂದು ಸಾಮಾನು ಸುಟ್ಟ ಕಥೆ ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ಟೆರೇಸಿನ ಮೇಲೆ ಗುಡುಗು ಕೇಳಿದಾಗ ನನಗೆ ಬಟ್ಟೆಯ ಚಿಂತೆ. ಕೆಳಗಿನಿಂದ ಸ್ಟೀಲಿನ ಲೋಟಕ್ಕೆ ಚಮಚ ಬಡಿಯುವ ಶಬ್ದವೂ ಕೇಳಿತ್ತು. ಯಂತ್ರ ಸುಮ್ಮನಿದ್ದಾಗ ಮಾಮಿ ಕರೆಯುವುದು ಹಾಗೆ. ನೀರು ಬೇಕಿರಬಹುದು, ಇಳಿದು ಕೊಟ್ಟರಾಯಿತು ಅಂದುಕೊಂಡೆ.

ಇಳಿದು ಬಂದರೆ ಪರದೆ ಕತ್ತಲು. ಮಾಮಿ ಕೈಯಲ್ಲಿ ವಯರು ಹಿಡಿದು ನಿಂತಿದ್ದರು.

"ಯಾರು ತೆಗೆದದ್ದು ಪ್ಲಗ್?" ಎಂದು ಕಿರುಚಿದೆ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಮಾಮಿ ಕಿಟಕಿಯ ಕಡೆ ಕೈ ತೋರಿಸಿದರು. "ಗುಡುಗು ಬಂದ್ರೆ ಬರ್ಲಿ ಮಾಮಿ! ಅರ್ಧದಲ್ಲಿ ನಿಲ್ಲಿಸಿದ್ರೆ ಎಂತ ಆಗ್ತದೆ ಗೊತ್ತುಂಟಾ ನಿಮಗೆ?" ನನಗೆ ಸಿಟ್ಟು ಬಂದರೆ ಬಾಯಿಗೆ ಬ್ರೇಕಿಲ್ಲ. ಮೊದಲಾಗಿದ್ದರೆ ಮಾಮಿಯೂ ಬಿಡುತ್ತಿರಲಿಲ್ಲ, ಇಬ್ಬರೂ ಸರಿಯಾಗಿ ಜಗಳ ಮಾಡಿ, ಚಾ ಕುಡಿದು, ಮುಗಿಸುತ್ತಿದ್ದೆವು. ಈಗ ಅವರ ತುಟಿ ಮಾತ್ರ ಆಡುತ್ತಿತ್ತು. ಒಬ್ಬಳೇ ಜಗಳ ಮಾಡಲಿಕ್ಕೆ ಆಗುವುದಿಲ್ಲ. ನಾನು ಬಟ್ಟೆ ಮಡಚಲು ಕೂತೆ.

ಮಳೆ ನಿಂತ ಮೇಲೆ ಪ್ಲಗ್ ಹಾಕಿ ನೋಡಿದರೆ ಭಯಪಟ್ಟದ್ದೇ ಆಗಿತ್ತು. ಹಳೆಯದು ಅರ್ಧ ಹೋಗಿದೆ, ಹೊಸದು ಅರ್ಧ ಬಂದಿದೆ. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ, ಅಷ್ಟೆ. ಮಾಮಿ ನನ್ನ ಬೆನ್ನ ಹಿಂದೆ ನಿಂತು ನೋಡಿದರು. ನಂತರ ತಮ್ಮ ಕುರ್ಚಿಗೆ ಹೋಗಿ, ಕೀಬೋರ್ಡಿನ ಮೇಲೆ ಸುಮ್ಮನೆ ಬೆರಳು ಇಟ್ಟುಕೊಂಡು ಕೂತರು.

ಸೋಮವಾರ ಬೆಳಿಗ್ಗೆ "ಪೋದು ಬರ್ಪೆ ಮಾಮಿ" ಎಂದೆ. ಅವರು ಬಾಗಿಲಿಗೆ ಬಂದು ಕೈ ಎತ್ತಿದರು. ಕೈ ಎತ್ತಿದರೂ ಅರ್ಥ ಅದೇ, ಆದರೆ ನನಗೆ ಗೇಟಿನಿಂದ ಕಾಲು ಮುಂದೆ ಹೋಗಲಿಲ್ಲ. ಮದುವೆಯಾಗಿ ಬಂದವಳನ್ನು ಒಂದು ಮಾತು ಇಷ್ಟು ಕಟ್ಟಿಹಾಕುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಗುತ್ತಿದ್ದೆ.

ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಬ್ಯಾರಿ ಸಮುದಾಯದ ಸಹೋದ್ಯೋಗಿಗೆ ಎಲ್ಲ ಹೇಳಿದೆ. ಅವನು ನನಗಿಂತ ಎರಡು ಪಾಲು ಗಟ್ಟಿಗ.

"ಎಂತಕ್ಕೆ ಅಕ್ಕ ತಲೆಬಿಸಿ? ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿ ಬಿಡಿ. ಸ್ವಲ್ಪ ಹೊತ್ತಿನ ಕೆಲಸ."

"ಸ್ವರ ಹೋಗ್ತದೆ ಮಾರಾಯ."

"ಹೊಸ ಸ್ವರ ಹಾಕುವ. ಈಗ ಒಳ್ಳೊಳ್ಳೆಯದು ಉಂಟಲ್ಲ, ಮನುಷ್ಯರ ಹಾಗೆಯೇ ಮಾತಾಡ್ತದೆ."

"ಅವರಿಗೆ ಅದು ಬೇಡ. ಅವರದ್ದೇ ಬೇಕು."

"ಹಾಗಾದ್ರೆ ಅಳಿಸ್ಬೇಡಿ. ಹಳೆ ಕರ್ನಲ್ ಉಳಿದಿದ್ರೆ ಅದರಿಂದ ಹತ್ತಿಸಿ ನೋಡಿ" ಎಂದ. ಕರ್ನಲ್ ಅಂದರೆ ವ್ಯವಸ್ಥೆಯ ತಿರುಳು. ಅಪ್‌ಗ್ರೇಡ್ ಮಾಡುವಾಗ ಹಿಂದಿನದನ್ನೂ ಒಂದು ಮೂಲೆಯಲ್ಲಿ ಇಟ್ಟಿರುತ್ತದೆ.

ಆ ಸಂಜೆಗಳಲ್ಲಿ ನಾನು ಕಾಲೇಜಿನಿಂದ ಬಂದವಳೇ ಸೀರೆ ಕೂಡ ಬದಲಿಸದೆ ಅದರ ಮುಂದೆ ಕೂರುತ್ತಿದ್ದೆ. ಹಳೆ ಕರ್ನಲ್ ಉಳಿದಿತ್ತು. ಅದು ಹತ್ತಿತು, ಆದರೆ ಬರೀ ಅಕ್ಷರದ ಪರದೆ. ಅರ್ಧಕ್ಕೆ ನಿಂತದ್ದನ್ನು ಮುಗಿಸು ಎಂದು ಹೇಳಿದೆ. ಸ್ವಲ್ಪ ಓಡಿ, ಡಿಸ್ಕಿನಲ್ಲಿ ಜಾಗ ಇಲ್ಲ ಎಂದಿತು. ಹಳೆಯ ಕಸ ತೆಗೆದು ಜಾಗ ಮಾಡಿದೆ. ಈಗ ಇಂಟರ್ನೆಟ್ ಇಲ್ಲ ಎಂದಿತು. ನನ್ನ ಫೋನನ್ನು ವಯರಿನಲ್ಲಿ ಸಿಕ್ಕಿಸಿ ಅದರಿಂದ ಇಂಟರ್ನೆಟ್ ಕೊಟ್ಟೆ. ಆಗ ಒಂದು ಸಾಮಾನು ಇನ್ನೊಂದಕ್ಕೆ ಕಾಯುತ್ತಿದೆ, ಆ ಇನ್ನೊಂದು ಮೊದಲನೆಯದಕ್ಕೇ ಕಾಯುತ್ತಿದೆ ಎಂದಿತು. ನೆಂಟರ ಮನೆಯಲ್ಲಿ "ನೀವು ಮೊದಲು ಊಟಕ್ಕೆ ಕೂತ್ಕೊಳ್ಳಿ, ನೀವು ಮೊದಲು" ಎಂದು ಎಲ್ಲರೂ ನಿಂತೇ ಇರುವ ಹಾಗೆ. ಒಂದನ್ನು ಹಿಡಿದು ಎಬ್ಬಿಸಿದೆ, ಉಳಿದವು ಕೂತವು.

ಮಾಮಿ ಪಕ್ಕದಲ್ಲೇ ಇರುತ್ತಿದ್ದರು. ಚಾ ತಂದಿಡುತ್ತಿದ್ದರು, ಫ್ಯಾನು ನನ್ನ ಕಡೆ ತಿರುಗಿಸುತ್ತಿದ್ದರು. ಅಪರಾಧ ಮಾಡಿದವರ ಹಾಗೆ ಅವರು ಓಡಾಡುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು, ಬೈದ ನಾಲಿಗೆಯಿಂದ ಬೇರೆ ಮಾತು ಹೊರಡುತ್ತಿರಲಿಲ್ಲ. "ಸರಿಯಾಗ್ತದೆ ಮಾಮಿ" ಎಂದು ಮಾತ್ರ ಹೇಳುತ್ತಿದ್ದೆ, ನನಗೇ ನಂಬಿಕೆ ಇಲ್ಲದಿದ್ದರೂ.

ಶುಕ್ರವಾರ ಸಂಜೆ ಬಣ್ಣದ ಪರದೆ ಬಂತು. ಮಾಮಿಯ ಪೇಪರು ತೆರೆಯಿತು. ಓದುವ ಪ್ರೋಗ್ರಾಂ ಇದ್ದಲ್ಲೇ ಇತ್ತು, ನಾನು ಹೊಂದಿಸಿದ ವೇಗ, ಏರಿಳಿತ ಎಲ್ಲ ಹಾಗೆಯೇ. 'ಪೋದ ಬಲ' ಎಂದು ಬರೆದು ಎಂಟರ್ ಒತ್ತಿದೆ.

ಶಬ್ದವೇ ಇಲ್ಲ.

ಮತ್ತೆ ಒತ್ತಿದೆ. ಇಲ್ಲ. ಸ್ವರ ಮಾನಿಟರಿನ ಕಡೆ ಹೋಗುತ್ತಿದೆಯೋ ಎಂದು ನೋಡಿದೆ. ಮ್ಯೂಟ್ ತೆಗೆದೆ, ಹಾಕಿದೆ, ತೆಗೆದೆ. ಮಾಮಿ ನನ್ನ ಹೆಗಲು ತಟ್ಟಿದರು. "ಒಂದು ನಿಮಿಷ ಮಾಮಿ." ಸೌಂಡ್ ಕಾರ್ಡಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಮತ್ತೆ ತಟ್ಟಿದರು. "ಸ್ವಲ್ಪ ಇರಿ ಮಾಮಿ!" ಲೋಟ ತಂದು ಚಮಚದಲ್ಲಿ ಬಡಿದರು. ಆ ಶಬ್ದಕ್ಕೆ ನನ್ನ ಬೆರಳು ನಿಂತಿತು. ಇದೇ ಶಬ್ದವನ್ನು ಟೆರೇಸಿನ ಮೇಲೆ ಕೇಳಿಸಿಕೊಂಡು ನೀರು ಅಂದುಕೊಂಡಿದ್ದೆ. ತಿರುಗಿ ನೋಡಿದೆ. ಮಾಮಿ ಮೇಜಿನ ಅಡಿಗೆ ಬೆರಳು ತೋರಿಸುತ್ತಿದ್ದರು.

ಬಗ್ಗಿ ನೋಡಿದರೆ ಸ್ಪೀಕರಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಗುಡುಗಿನ ದಿನ ಮಾಮಿ ಅದನ್ನೂ ಬಿಟ್ಟಿರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ಮಾಮಿಯೂ ನಕ್ಕರು, ಶಬ್ದವಿಲ್ಲದೆ, ಹೊಟ್ಟೆ ಹಿಡಿದುಕೊಂಡು. ಪ್ಲಗ್ ಹಾಕಿದೆ. ಮಾಮಿ ಕುರ್ಚಿ ಎಳೆದುಕೊಂಡರು. 'ಪೋದ ಬಲ' ಎಂದೇ ಬರುತ್ತದೆ ಎಂದು ನಾನು ಕಾದೆ. ಅವರು ಬಹಳ ಹೊತ್ತು ಕುಟ್ಟಿದರು. ಆಮೇಲೆ ಆ ತಗಡಿನ ಸ್ವರ, ಸ್ವಲ್ಪವೂ ಬದಲಾಗದೆ, ತುಳುವಿನಲ್ಲಿ ಹೇಳಿತು, ಕನ್ನಡದಲ್ಲಿ ಅಂದರೆ:

"ಮಗಾ, ಬೇಗ ಇಳಿದು ಬಾ. ಸಿಡಿಲು ಬರ್ತಾ ಉಂಟು. ನನ್ನ ಸ್ವರ ಸುಟ್ಟು ಹೋಗ್ತದೆ."

ಆ ದಿನ ಕೂಗಬೇಕಾಗಿದ್ದ ಮಾತು ಅದು. ಒಂದು ವಾರ ಅದನ್ನು ಒಳಗೇ ಇಟ್ಟುಕೊಂಡು ನನಗೆ ಚಾ ತಂದುಕೊಟ್ಟಿದ್ದರು. ನಾನು ಅವರ ಮಡಿಲಲ್ಲಿ ಮುಖ ಇಟ್ಟು ಅತ್ತೆ. ನಡುಗುವ ಕೈ ನನ್ನ ತಲೆಯ ಮೇಲೆ ಬಂತು, ಕೀಬೋರ್ಡಿಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಮೆಟ್ಟಿಲಿನಿಂದಲೇ ಹೇಳಿದೆ, "ಪೋದು ಬರ್ಪೆ ಮಾಮಿ."

"ಪೋದ ಬಲ" ಎಂದಿತು ಒಳಗಿನಿಂದ.

ಗೇಟಿನವರೆಗೆ ಹೋದವಳು ಛತ್ರಿ ಮರೆತವಳ ಹಾಗೆ ತಿರುಗಿ ಬಂದೆ. ಛತ್ರಿ ಬ್ಯಾಗಿನಲ್ಲೇ ಇತ್ತು. ಬಾಗಿಲಲ್ಲಿ ನಿಂತು ಇನ್ನೊಮ್ಮೆ, "ಪೋದು ಬರ್ಪೆ."

ಮಾಮಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಒಂದೇ ಬೆರಳಿನಲ್ಲಿ ನಿಧಾನವಾಗಿ ಕುಟ್ಟಿದರು.

"ಪೋದ ಬಲ, ಮಗಾ. ಬಸ್ಸು ಹೋಗ್ತದೆ. ನಾನು ಎಲ್ಲಿಗೂ ಹೋಗುವುದಿಲ್ಲ."