ಬಾಜೂಕ ನೋಡು

ನಮ್ಮ ಡ್ರಿಲ್ ಮಾಸ್ತರರ ಕೊರಳಲ್ಲಿ ಸೀಟಿಯ ದಾರ ಉಜ್ಜಿ ಉಜ್ಜಿ ಕಪ್ಪು ಗೆರೆ ಬಿದ್ದಿತ್ತು. ನಿವೃತ್ತರಾದ ಮೇಲೂ ದಾರ ಇಳಿಯಲಿಲ್ಲ, ಗೆರೆ ಮಾಸಲಿಲ್ಲ. ಹಗರಿಬೊಮ್ಮನಹಳ್ಳಿ ಕಡೆಯ ನಮ್ಮೂರ ಶಾಲೆಯಲ್ಲಿ ಅವರ ಕವಾಯತೇ ಬೇರೆ. ಬೇರೆ ಮಾಸ್ತರರು ಮುಂದಿನವಳ ಜಡೆ ನೋಡಿ ನಡೆಯಿರಿ ಎಂದರೆ ಇವರು ಪಕ್ಕದವಳತ್ತ ಕೈ ತೋರಿಸಿ, "ಬಾಜೂಕ ನೋಡ್ರವ್ವಾ, ಬಾಜೂಕ!" ಎಂದು ಗದರುತ್ತಿದ್ದರು. ಎಡವಿದವಳನ್ನು ಬಿಟ್ಟು ಸಾಲು ಮುಂದೆ ಹೋದರೆ ಇಡೀ ಸಾಲಿಗೇ ಬೈಗುಳ.

ಅದನ್ನು ಅವರು ಕಲಿತದ್ದು ಕೆರೆ ಏರಿಯ ಮೇಲೆ. ಚಳಿಗಾಲದ ಸಂಜೆ ಸಾವಿರಾರು ಕಬ್ಬಕ್ಕಿಗಳು ಅಲ್ಲಿನ ಜಾಲಿಗಿಡಗಳಿಗೆ ಮಲಗಲು ಬರುತ್ತವೆ. ಗಿಡುಗ ಎರಗಿದರೆ ಇಡೀ ಹಿಂಡು ಒಂದೇ ಮೈಯಾಗಿ ಹೊರಳುತ್ತದೆ. ಅದರೊಳಗೆ ಸೀಟಿ ಊದುವ ನಾಯಕ ಯಾರೆಂದು ಮಾಸ್ತರರು ವರ್ಷಗಟ್ಟಲೆ ಹುಡುಕಿದರಂತೆ!

"ಯಾರೂ ಇಲ್ಲವ್ವಾ. ಬಾಜೂಕಿಂದು ಹೊಳ್ಳಿದ್ರ ಇದೂ ಹೊಳ್ಳತೈತಿ, ಅಷ್ಟ. ಗುಂಪು ಬಿಟ್ಟಿದ್ದನ್ನ ಗಿಡುಗ ಒಯ್ತೈತಿ," ಎಂದು ತಮ್ಮ ಹುಡುಕಾಟಕ್ಕೆ ತಾವೇ ನಕ್ಕಿದ್ದರು.

ಹೋದ ಚಳಿಗಾಲ ಪೇಟೆಯ ಹುಡುಗರು ಆ ಹಿಂಡಿನೊಳಕ್ಕೇ ಡ್ರೋನ್ ನುಗ್ಗಿಸಿದರು. ನಾನಾಗ ಕೊಟ್ಟೂರಲ್ಲಿದ್ದೆ, ನೋಡಿದ್ದು ಫೋನಿನಲ್ಲಿ. ಹಕ್ಕಿಗಳು ದಿಕ್ಕೆಟ್ಟು ಹೊರಳಿದಷ್ಟೂ ಏರಿಯ ಮೇಲೆ ನಿಂತ ಜನರಿಂದ ಚಪ್ಪಾಳೆ. ಮಾಸ್ತರರು ಒಬ್ಬರೇ ಎದುರು ಹೋದರು.

"ಚಪ್ಪಾಳಿ ಯಾಕ್ರಿ? ಅವೇನು ಆಡಾಕತ್ತಿಲ್ಲ, ಜೀವ ಉಳಿಸ್ಕೊಳ್ಳಾಕತ್ಯಾವ! ಮಲಗೋ ಹೊತ್ತಿನ್ಯಾಗ ಹಿಂಗ ಓಡಿಸಿದ್ರ ಎಲ್ಲಿಗೆ ಹೋಗ್ಬೇಕು ಅವು?"

"ಹೋಗಜ್ಜಾ, ವಿಡಿಯೊ ಅಷ್ಟ," ಎಂದ ಒಬ್ಬ.

ಸಿಟ್ಟಿನಿಂದ ಸೀಟಿ ಊದಿದರು. ಊರಿಗೂರೇ ನಿಂತಿತ್ತು, ಅವರ ಮಗ್ಗುಲಿಗೆ ಒಂದು ಪಿಳ್ಳೆಯೂ ಬರಲಿಲ್ಲ. ಮರುದಿನ ಎಲ್ಲರ ಫೋನಿನಲ್ಲೂ ಅದೇ: 'ಹಕ್ಕಿಗೆ ಡ್ರಿಲ್ ಮಾಡಿಸುವ ಹುಚ್ಚಜ್ಜ'. ಅವರ ಕೈಯಲ್ಲಿ ಕಲಿತವರೇ ಹಲ್ಲು ಕಿರಿದು ಹಂಚಿದರು. ನಾಚಿಕೆ ಬೇಡವೇ? ಮಾಸ್ತರರು ಏರಿಗೆ ಹೋಗುವುದನ್ನೇ ಬಿಟ್ಟರು.

ಬೇಸಗೆಯಲ್ಲಿ ತೀರಿಕೊಂಡರು. ಹಂಚಿದ ಜನವೇ ಅದೇ ವಿಡಿಯೊಗೆ ಹೂಮಾಲೆ ಅಂಟಿಸಿ 'ಓಂ ಶಾಂತಿ' ಎಂದು ಹಾಕಿದರು. ನನ್ನ ಮೈ ಉರಿದುಹೋಯಿತು, ಇನ್ನೂ ಆರಿಲ್ಲ.

ಈ ಚಳಿಗಾಲ ನಾನು ಊರಲ್ಲೇ ಇದ್ದೆ. ಕಬ್ಬಕ್ಕಿಗಳು ಮತ್ತೆ ಬಂದವು, ಡ್ರೋನೂ ಬಂತು. ನಾನು ಒಬ್ಬಳೇ ಎದುರು ಹೋಗಲಿಲ್ಲ. ಎಮ್ಮೆ ಹೊಡೆದುಕೊಂಡು ಮನೆಗೆ ಹೊರಟಿದ್ದ ಶಾಲೆಯ ಗೆಳತಿಗೆ, "ಬಾಜೂಕ ಬಾರೇ," ಎಂದೆ. ಅವಳು ತನ್ನ ಪಕ್ಕದವಳನ್ನು ಕರೆದಳು, ಆಕೆ ಇನ್ನೊಬ್ಬಳನ್ನು. ಏರಿಯ ಅಗಲಕ್ಕೂ ಸಾಲಾಗಿ ನಡೆದು ಬಂದ ಹೆಂಗಸರನ್ನು ಕಂಡು ಡ್ರೋನಿನ ಹುಡುಗ ಗಾಬರಿಯಾದ.

"ನಿಮ್ಮ ಲೀಡರ್ ಯಾರ್ರೀ?"

"ಯಾರೂ ಇಲ್ಲಪಾ," ಎಂದೆ. "ಇಳಿಸು ಅದನ್ನ."